ನಮ್ಮ ಕಡೆಯ ಕ್ರಿಸ್ತೀಯ ಪಾಪ್-ರಾಕ್ ಬ್ಯಾಂಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೀದರ್‌ನಲ್ಲಿ ಬೇಸ್ ಗಿಟಾರ್ ನುಡಿಸುವವನು ನಾನು. ನಮ್ಮ ಬ್ಯಾಂಡ್ ಯಾವ ಕಂಪನಿಗೂ ಸೇರಿಲ್ಲ. ಹುಮನಾಬಾದ್, ಕಲಬುರಗಿ, ಶಹಾಬಾದ್, ಯಾದಗಿರಿ, ಎಲ್ಲಿ ಹಾಡಿದರೂ ಕೊನೆಗೆ ಒಂದಷ್ಟು ಹುಡುಗ ಹುಡುಗಿಯರು ಸ್ಟೇಜ್ ಹತ್ತಿರ ಬಂದು ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ವೈರ್ ಸುತ್ತುತ್ತಾ ಪೂರ್ತಿ ಉತ್ತರ ಕೊಡಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ. ನಾನು ಗಟ್ಟಿಯಾಗಿ ನಂಬಿರುವುದು ಇಷ್ಟು: ಹಾಡು ನೀವೇ ಬರೆದದ್ದಾಗಿರಬೇಕು, ಅದರ ಹಕ್ಕು ನಿಮ್ಮ ಕೈಯಲ್ಲೇ ಇರಬೇಕು. ಅದಿದ್ದರೆ ಸಣ್ಣ ಊರಿನಿಂದಲೂ ಬ್ಯಾಂಡ್ ನಡೆಸಬಹುದು.

ಸ್ವತಂತ್ರ ಬ್ಯಾಂಡ್ ಅಂದರೆ ಏನು? ಚರ್ಚ್ ಕ್ವಾಯರ್‌ಗೂ ಇದಕ್ಕೂ ಏನು ವ್ಯತ್ಯಾಸ?

ಕ್ವಾಯರ್ ಸಭೆಗೆ ಸೇರಿದ್ದು. ಭಾನುವಾರ ಜನರೆಲ್ಲ ಒಟ್ಟಿಗೆ ಹಾಡಲು ನೆರವಾಗುವುದು ಅದರ ಕೆಲಸ. ಯಾವ ಹಾಡು ಅಂತ ಪಾಸ್ಟರ್ ಅಯ್ಯನವರೋ ಕ್ವಾಯರ್ ಮಾಸ್ಟರೋ ಹೇಳುತ್ತಾರೆ. ಬ್ಯಾಂಡ್ ತನ್ನ ಹಾಡು ತಾನೇ ಬರೆಯುತ್ತದೆ, ತಾನೇ ರೆಕಾರ್ಡ್ ಮಾಡುತ್ತದೆ, ಖರ್ಚೂ ತಾನೇ ಹಾಕುತ್ತದೆ. ಹಿಂದೆ ಲೇಬಲ್ (ಹಾಡು ರೆಕಾರ್ಡ್ ಮಾಡಿಸಿ ಮಾರುವ ಕಂಪನಿ) ಇರುವುದಿಲ್ಲ. ಆದರೆ ಸ್ವತಂತ್ರ ಅಂದ ಕೂಡಲೇ ಚರ್ಚ್‌ನಿಂದ ಹೊರಗೆ ಅಂತ ಅರ್ಥ ಅಲ್ಲ. ನಮ್ಮಲ್ಲಿ ಎಲ್ಲರೂ ಭಾನುವಾರ ತಮ್ಮ ತಮ್ಮ ಕ್ವಾಯರ್‌ನಲ್ಲೇ ಇರುತ್ತಾರೆ. ಹಾಗೇ ಇರಬೇಕು ಅನ್ನುವುದು ನನ್ನ ಅಭಿಪ್ರಾಯ. ಸಭೆಯ ಜೊತೆ ಹಾಡದವರಿಗೆ ಜನರ ಉಸಿರು ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಾಗುವುದಿಲ್ಲ.

ರಾಕ್ ಅಂದರೆ ಸೈತಾನನ ಸಂಗೀತ ಅಂತಾರಲ್ಲ? ಇದು ಕ್ರೈಸ್ತರ ಕಡೆ ಹೇಗೆ ಬಂತು?

1960ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಉದ್ದ ಕೂದಲಿನ ಹಿಪ್ಪಿ ಹುಡುಗರು ಗುಂಪು ಗುಂಪಾಗಿ ಯೇಸುವಿನ ಕಡೆ ತಿರುಗಿದರು. ಅವರಿಗೆ ಗೊತ್ತಿದ್ದ ಸಂಗೀತ ರಾಕ್. ಅದರಲ್ಲೇ ಹಾಡಿದರು. 1969ರಲ್ಲಿ ಅಲ್ಲಿನ ಹಾಡುಗಾರ ಲ್ಯಾರಿ ನಾರ್ಮನ್ ಮಾಡಿದ ಆಲ್ಬಮ್ಮನ್ನೇ ಬಹಳ ಜನ ಮೊದಲ ಕ್ರಿಸ್ತೀಯ ರಾಕ್ ಆಲ್ಬಮ್ ಅನ್ನುತ್ತಾರೆ. ಅದು ಕ್ಯಾಪಿಟಲ್ ಅನ್ನುವ ದೊಡ್ಡ ಕಂಪನಿಯಿಂದ ಬಂದಿತ್ತು. ಆಮೇಲೆ ಅವರು ತಮ್ಮದೇ ಲೇಬಲ್ ಶುರು ಮಾಡಿಕೊಂಡರು. ಅಂದರೆ ಈ ಸಂಗೀತದ ಹುಟ್ಟಿನಲ್ಲೇ ಸ್ವತಂತ್ರವಾಗಿ ನಿಲ್ಲುವ ಹಟ ಇದೆ. 1972ರಲ್ಲಿ ಇಂಡಿಯಾನಾ ರಾಜ್ಯದಲ್ಲಿ ಪೆಟ್ರಾ ಬ್ಯಾಂಡ್ ಶುರುವಾಯಿತು. 1980ರ ದಶಕದಲ್ಲಿ ಅಲ್ಲಿನ ಟಿವಿ ಬೋಧಕರು ಇಂಥ ಬ್ಯಾಂಡ್‌ಗಳನ್ನು ಬಹಿರಂಗವಾಗಿ ಬೈದರು. ಹಾಡುವವರು ನಿಲ್ಲಿಸಲಿಲ್ಲ.

ಸೈತಾನನ ಮಾತಿಗೆ ಬರೋಣ. 150ನೇ ಕೀರ್ತನೆ ತೆಗೆದು ಓದಿ. ತಂತಿವಾದ್ಯ ಇದೆ, ದಮ್ಮಡಿ ಇದೆ, ಝಲ್ಲೆನ್ನುವ ತಾಳ ಇದೆ, ಕುಣಿತವೂ ಇದೆ. ಗಿಟಾರ್‌ಗೆ ಪಾಪ ಪುಣ್ಯ ಗೊತ್ತಿಲ್ಲ. ಹಾಡಿನಲ್ಲಿ ಏನು ಹೇಳುತ್ತೀರಿ, ಸ್ಟೇಜ್ ಇಳಿದ ಮೇಲೆ ಹೇಗೆ ಬದುಕುತ್ತೀರಿ ಅನ್ನುವುದನ್ನು ಜನ ನೋಡುತ್ತಾರೆ. ನೋಡಲಿ.

ನಮ್ಮ ದೇಶದಲ್ಲಿ ಹೀಗೆ ಬಹಳ ವರ್ಷ ನಡೆದ ಬ್ಯಾಂಡ್ ಇದೆಯಾ?

ಇದೆ. ಕೇರಳದ ಕೊಚ್ಚಿಯ ರೆಕ್ಸ್ ಬ್ಯಾಂಡ್ 1990ರಲ್ಲಿ ಶುರುವಾಯಿತು. ಕ್ಯಾಥೊಲಿಕ್ ಯುವಜನರ ಜೀಸಸ್ ಯೂತ್ ಚಳವಳಿಯಿಂದ ಹುಟ್ಟಿದ್ದು. ಬೇರೆ ದೇಶಗಳಲ್ಲಿ ನಡೆದ ವಿಶ್ವ ಯುವಜನ ದಿನದ (ಕ್ಯಾಥೊಲಿಕ್ ಯುವಜನರ ದೊಡ್ಡ ಕೂಟ) ವೇದಿಕೆಗಳ ಮೇಲೂ ಹಾಡಿ ಬಂದಿದೆ. ಕಾಲೇಜು ಹುಡುಗರ ಗುಂಪಾಗಿ ಶುರುವಾಗಿ ದಶಕಗಳ ಕಾಲ ನಿಂತಿತು ಅನ್ನುವುದೇ ನಮಗೆ ಬೇಕಾದ ಧೈರ್ಯ.

ಯಾವ ಭಾಷೆಯಲ್ಲಿ ಹಾಡಬೇಕು? ಇಂಗ್ಲಿಷ್, ಹಿಂದಿ ಹಾಡಿದರೆ ಜಾಸ್ತಿ ಜನ ಕೇಳುವುದಿಲ್ವಾ?

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ. ನಮ್ಮ ಕಡೆ ಹುಡುಗರ ಕಿವಿಯಲ್ಲಿ ಹೈದರಾಬಾದ್‌ನ ತೆಲುಗು ಕ್ರಿಸ್ತೀಯ ಹಾಡು, ಹಿಂದಿ ಆರಾಧನೆ, ಇಂಗ್ಲಿಷ್ ರಾಕ್ ಮೂರೂ ತುಂಬಿವೆ. ಭಾಲ್ಕಿ, ಔರಾದ್ ಕಡೆ ಮರಾಠಿ. ಗುರುಮಠಕಲ್ ಕಡೆ ತೆಲುಗು. ಬೀದರ್ ಓಣಿಗಳಲ್ಲಿ ದಖನಿ, ಅಂದರೆ ಈ ಕಡೆಯ ಉರ್ದು. ಇಷ್ಟು ಭಾಷೆಗಳ ನಡುವೆ ಬೆಳೆದ ಹುಡುಗ ಹಾಡು ಬರೆಯಲು ಕೂತಾಗ ಮಾತ್ರ ಬೆಂಗಳೂರಿನ ಟಿವಿ ಕನ್ನಡದಲ್ಲೋ ಬೈಬಲಿನ ಹಳೆ ಕನ್ನಡದಲ್ಲೋ ಬರೆಯುತ್ತಾನೆ. ಯಾಕೆ?

ನಿಮ್ಮ ಅವ್ವ ಪ್ರಾರ್ಥನೆ ಮಾಡುವಾಗ ಯಾವ ಮಾತು ಆಡುತ್ತಾಳೋ ಅದರಲ್ಲಿ ಬರೆಯಿರಿ. 'ನೀ ಇಲ್ದ ನಾ ಹ್ಯಾಂಗ ಇರ್ಲಿ' ಅಂತ ಒಬ್ಬ ತಾಯಿ ಮೊಣಕಾಲೂರಿ ಹೇಳಿದ್ದನ್ನು ಕೇಳಿದ ಮೇಲೆ, ಅದಕ್ಕಿಂತ ದೊಡ್ಡ ಸಾಲು ಹುಡುಕುವ ಅಗತ್ಯ ನನಗೆ ಕಂಡಿಲ್ಲ. ಬೇಕಾದರೆ ಒಂದು ಸಾಲು ದಖನಿಯಲ್ಲಿ ಬರಲಿ. ಬೀದರ್‌ನಲ್ಲಿ ಅದು ಸಹಜ.

ನಮ್ಮ ನೆಲದ ದನಿಯನ್ನೂ ಮರೆಯಬೇಡಿ. ಬಸವಕಲ್ಯಾಣದ ವಚನಗಳು ಆಡುಮಾತಿನಲ್ಲೇ ದೇವರ ಜೊತೆ ಜಗಳ ಮಾಡಿದವು. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಇಂದಿಗೂ ಏಕತಾರಿ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಕಲಬುರಗಿಯ ಬಂದೇ ನವಾಜ್ ದರ್ಗಾದಲ್ಲಿ ಉರುಸಿನ ಕವ್ವಾಲಿ ಇದೆ. ನಾವು ಅವುಗಳ ಪದ ಎತ್ತಿಕೊಳ್ಳಬೇಕು ಅಂತ ನಾನು ಹೇಳುತ್ತಿಲ್ಲ. ಒಬ್ಬ ಹೇಳಿ, ಹಿಂದಿನವರು ಎತ್ತಿ ಹಾಡುವ ಆ ಕ್ರಮವನ್ನು ಗಮನಿಸಿ. ಹಲಗೆಯ ಪೆಟ್ಟನ್ನು ಡ್ರಮ್ ಕಿಟ್ ಮೇಲೆ ತಂದು ನೋಡಿ. ಸಿಯಾಟಲ್‌ನ ಬ್ಯಾಂಡ್‌ಗೆ ಇಲ್ಲದ ಆಸ್ತಿ ಇದು. ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲೇ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಬರೆದರು. ಹೊರಗಿನಿಂದ ಬಂದವರು ಅಷ್ಟು ಮಾಡಿದ ಮೇಲೆ ಇಲ್ಲೇ ಹುಟ್ಟಿದ ನಾವು ಬೇರೆಯವರ ಧಾಟಿಗೆ ಸುಮ್ನೆ ಪದ ತುಂಬಿಸುತ್ತಾ ಕೂರಬಾರದು.

ಫೇಮಸ್ ಹಾಡುಗಳನ್ನೇ ಕನ್ನಡಕ್ಕೆ ತಂದು ಹಾಡಿ ಯೂಟ್ಯೂಬ್‌ಗೆ ಹಾಕಬಹುದಾ?

ಆರಾಧನೆಯಲ್ಲಿ ಹಾಡುವುದಕ್ಕೆ ಅಡ್ಡಿ ಇಲ್ಲ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನಿಜವಾದ ಧಾರ್ಮಿಕ ವಿಧಿಯ ಭಾಗವಾಗಿ ಹಾಡಿದರೆ ಅದು ಹಕ್ಕಿನ ಉಲ್ಲಂಘನೆ ಅಲ್ಲ. ಹವ್ಯಾಸಿ ತಂಡ ಟಿಕೆಟ್ ಇಲ್ಲದೆ ಹಾಡಿದರೂ, ಧಾರ್ಮಿಕ ಸಂಸ್ಥೆಯ ಸಹಾಯಕ್ಕಾಗಿ ಹಾಡಿದರೂ ಕಾಯ್ದೆ ವಿನಾಯಿತಿ ಕೊಡುತ್ತದೆ.

ರೆಕಾರ್ಡ್ ಮಾಡಿ ಹಂಚುವುದು ಬೇರೆ ಲೆಕ್ಕ. ಇನ್ನೊಬ್ಬರ ಹಾಡನ್ನು ಕನ್ನಡಕ್ಕೆ ಅನುವಾದ ಮಾಡುವ ಹಕ್ಕು ಮೂಲ ಬರಹಗಾರರದು. ಅವರ ಒಪ್ಪಿಗೆ ಬೇಕು. ಕವರ್ ಮಾಡಿ, ಅಂದರೆ ಇನ್ನೊಬ್ಬರ ಹಾಡನ್ನು ನೀವು ಹೊಸದಾಗಿ ಹಾಡಿ ರೆಕಾರ್ಡ್ ಮಾಡಿ, ಮಾರಲು 31ಸಿ ಸೆಕ್ಷನ್‌ನಲ್ಲಿ ಒಂದು ದಾರಿ ಇದೆ. ಆದರೆ ಹಾಡು ಮೊದಲು ರೆಕಾರ್ಡ್ ಆಗಿ ಐದು ವರ್ಷ ದಾಟಿರಬೇಕು, ಮೊದಲೇ ನೋಟಿಸ್ ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ (ಹಾಡಿನ ಹಕ್ಕುದಾರರಿಗೆ ಸಲ್ಲುವ ಪಾಲು) ಮುಂಗಡ ಕಟ್ಟಬೇಕು. ಶಹಾಬಾದ್‌ನ ನಾಲ್ಕು ಹುಡುಗರಿಗೆ ಇದು ಆಗುವ ಮಾತಾ?

ಅನುಮತಿ ಇಲ್ಲದೆ ಹಾಕಿದರೆ ಯೂಟ್ಯೂಬ್ ಆ ಹಾಡನ್ನು ಗುರುತಿಸಬಹುದು. ಆಗ ಜಾಹೀರಾತಿನ ದುಡ್ಡು ಮೂಲದವರಿಗೆ ಹೋಗುತ್ತದೆ, ಇಲ್ಲವೇ ವಿಡಿಯೋ ಇಳಿಯುತ್ತದೆ. ನಿಮ್ಮ ಶ್ರಮ, ನಿಮ್ಮ ದನಿ, ಬೇರೆಯವರ ಖಾತೆ. ಇದಕ್ಕಿಂತ ಕಚ್ಚಾ ಆದರೂ ನಿಮ್ಮದೇ ಒಂದು ಹಾಡು ಎಷ್ಟೋ ಮೇಲು.

ಚರ್ಚ್‌ನ ಹಳೆ ಸಂಗೀತಗಳನ್ನು (ಭಕ್ತಿಗೀತೆಗಳನ್ನು) ರಾಕ್ ಮಾಡಿ ಹಾಡಬಹುದಾ?

ಧಾರಾಳವಾಗಿ. ಭಾರತದಲ್ಲಿ ಬರೆದವರು ತೀರಿಕೊಂಡು 60 ವರ್ಷ ಕಳೆದರೆ ಹಾಡು ಎಲ್ಲರದು. ಇಂಗ್ಲಿಷ್ ಭಕ್ತಿಗೀತೆಗಳನ್ನು ಬರೆದವರನ್ನೇ ನೋಡಿ: ಐಸಾಕ್ ವಾಟ್ಸ್ ತೀರಿಕೊಂಡದ್ದು 1748ರಲ್ಲಿ. ಫ್ಯಾನಿ ಕ್ರಾಸ್ಬಿ 1915ರಲ್ಲಿ. ನಮ್ಮ ಮೆಥೋಡಿಸ್ಟ್ ಸಭೆಗಳಿಗೆ ಹತ್ತಿರದವರಾದ ಚಾರ್ಲ್ಸ್ ವೆಸ್ಲಿ 1788ರಲ್ಲಿ ತೀರಿಕೊಂಡರು. ಅವರೊಬ್ಬರೇ 6,000ಕ್ಕೂ ಜಾಸ್ತಿ ಹಾಡು ಬರೆದಿದ್ದಾರೆ. ಒಂದು ಎಚ್ಚರ: ಕನ್ನಡ ಅನುವಾದಕ್ಕೂ ಬೇರೆ ಹಕ್ಕು ಇರುತ್ತದೆ. ಹಳೆ ಮಿಷನರಿಗಳ ಕಾಲದ ಅನುವಾದವಾದರೆ ಚಿಂತೆ ಇಲ್ಲ. ಇತ್ತೀಚಿನವರು ಮಾಡಿದ್ದಾದರೆ ಹೋಗಿ ಕೇಳಿ.

ಹಾಡುವ ರೀತಿ ಬಗ್ಗೆ ಒಂದು ಮಾತು. ಮುದುಕರು ಕಣ್ಣು ಮುಚ್ಚಿ ಹಾಡುವ ಆ ರಾಗವನ್ನು ಗುರುತೇ ಸಿಗದ ಹಾಗೆ ತಿರುಚಬೇಡಿ. ಮೊದಲ ಚರಣ ಅವರ ಹಾಗೇ ಹಾಡಿ. ಡ್ರಮ್ಸ್ ಆಮೇಲೆ ಬರಲಿ. ಆಗ ಅಜ್ಜಿಯೂ ಚಪ್ಪಾಳೆ ತಟ್ಟುತ್ತಾಳೆ, ಮೊಮ್ಮಗನೂ ತಟ್ಟುತ್ತಾನೆ.

ಶುರು ಮಾಡಲು ಯಾವ ವಾದ್ಯ ಬೇಕು? ದುಡ್ಡು ಇಲ್ಲ.

ಇದ್ದದ್ದರಲ್ಲೇ ಶುರು ಮಾಡಿ. ಒಂದು ಅಕೂಸ್ಟಿಕ್ ಗಿಟಾರ್, ಒಂದು ಕೀಬೋರ್ಡ್, ಒಂದು ಕಹೋನ್ (ಮೇಲೆ ಕೂತು ಕೈಯಿಂದ ಬಡಿಯುವ ಮರದ ಪೆಟ್ಟಿಗೆ) ಅಥವಾ ಡೋಲಕ್. ನಮ್ಮ ಕಡೆ ಆರ್ಕೆಸ್ಟ್ರಾದವರ ಹತ್ತಿರ ರೋಲ್ಯಾಂಡ್ ಪ್ಯಾಡ್ (ಬಡಿದರೆ ಡ್ರಮ್ ದನಿ ಕೊಡುವ ಎಲೆಕ್ಟ್ರಾನಿಕ್ ಹಲಗೆ) ಇದ್ದೇ ಇರುತ್ತದೆ. ಹಳೆಯದು ಕಡಿಮೆ ಬೆಲೆಗೆ ಸಿಗುತ್ತದೆ. ಬೇಸ್ ಗಿಟಾರ್ ಮಾತ್ರ ಬೇಗ ತೆಗೆದುಕೊಳ್ಳಿ. ಕೀಬೋರ್ಡಿನ ಎಡಗೈ ಬೇಸ್ ಆ ಕೆಲಸ ಮಾಡುವುದಿಲ್ಲ. ನಾನು ಬೇಸ್ ನುಡಿಸುವವನು ಅಂತ ಹೀಗೆ ಹೇಳುತ್ತಿಲ್ಲ, ಪಾಪ್-ರಾಕ್‌ಗೆ ಮೈ ಬರುವುದೇ ಬೇಸ್ ಮತ್ತು ಕಿಕ್ ಡ್ರಮ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಕೂಡಿದಾಗ.

ಮೇ ತಿಂಗಳ ಕಲಬುರಗಿ ಬಿಸಿಲು ಗೊತ್ತಲ್ವಾ, 42 ಡಿಗ್ರಿ ದಾಟುತ್ತದೆ. ಮುಚ್ಚಿದ ಕಾರಿನಲ್ಲಿ ಗಿಟಾರ್ ಬಿಡಬೇಡಿ. ಅಂಟು ಸಡಿಲವಾಗಿ ನೆಕ್ ಬಾಗುತ್ತದೆ.

ಬೀದರ್‌ನಲ್ಲಿ ಕೂತು ಒಳ್ಳೆ ರೆಕಾರ್ಡಿಂಗ್ ಮಾಡಲು ಆಗುತ್ತದಾ? ಹೈದರಾಬಾದ್‌ಗೆ ಹೋಗಲೇಬೇಕಾ?

ಮನೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿಸಬಹುದು. ಎರಡು ಚಾನೆಲ್‌ನ ಆಡಿಯೋ ಇಂಟರ್‌ಫೇಸ್ (ಮೈಕ್, ಗಿಟಾರ್‌ನ ದನಿಯನ್ನು ಕಂಪ್ಯೂಟರ್‌ಗೆ ಕಳಿಸುವ ಪೆಟ್ಟಿಗೆ), ಶ್ಯೂರ್ ಎಸ್‌ಎಂ 57 ಅಥವಾ 58 ತರಹದ ಒಂದು ಗಟ್ಟಿ ಮೈಕ್, ಒಂದು ಹೆಡ್‌ಫೋನ್, ಕಂಪ್ಯೂಟರ್. ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರನ್ನು 60 ದಿನ ಪುಕ್ಕಟೆ ಬಳಸಿ ನೋಡಬಹುದು. ಆಮೇಲೆ ಸಣ್ಣ ಬಳಕೆದಾರರಿಗೆ 60 ಡಾಲರ್.

ಕೋಣೆಯ ಗುಂಯ್‌ಗುಡುವಿಕೆ ದೊಡ್ಡ ಸಮಸ್ಯೆ. ನಮ್ಮ ಮನೆಗಳಿಗೆ ಕಲ್ಲಿನ ಗೋಡೆ, ಶಹಾಬಾದಿ ಫರಸಿ ನೆಲ. ದನಿ ಹೊಡೆದು ಹಿಂದಕ್ಕೆ ಬರುತ್ತದೆ. ಇದಕ್ಕೆ ಮದ್ದು ಮನೆಯಲ್ಲೇ ಇದೆ: ಕೌದಿ. ಹಾಡುವವರ ಬೆನ್ನ ಹಿಂದೆ, ಎರಡೂ ಪಕ್ಕ ದಪ್ಪ ಕೌದಿಗಳನ್ನು ಹಗ್ಗದ ಮೇಲೆ ಇಳಿಬಿಡಿ. ಗೋಡೆಗೆ ಅಂಟಿಸದೆ ಒಂದು ಗೇಣು ಮುಂದೆ ಬಿಟ್ಟರೆ ಇನ್ನೂ ಚೆನ್ನಾಗಿ ಹೀರುತ್ತದೆ. ಕೆಳಗೆ ಜಮಖಾನ ಹಾಸಿ. ಫ್ಯಾನ್ ಆರಿಸಿ ಹಾಡಬೇಕಾಗುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಬೆಳಗಿನ ಜಾವವೇ ಒಳ್ಳೆಯದು. ಕರೆಂಟ್ ಹೋಗುವ ಊರಿನಲ್ಲಿ ಲ್ಯಾಪ್‌ಟಾಪ್ ಬೇಕು, ಪ್ರತಿ ಟೇಕ್ ಆದ ಮೇಲೆ ಸೇವ್ ಮಾಡಬೇಕು.

ಡ್ರಮ್ಸ್ ಮತ್ತು ಕೊನೆಯ ಮಿಕ್ಸಿಂಗ್‌ಗೆ (ಎಲ್ಲ ದನಿಗಳನ್ನು ಹದವಾಗಿ ಕೂಡಿಸುವುದಕ್ಕೆ) ಮಾತ್ರ ಹೊರಗೆ ಹೋಗಿ. ಹೈದರಾಬಾದ್ ನಮಗೆ ಹತ್ತಿರ. ಸ್ಟುಡಿಯೋ ಗಂಟೆ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತದೆ. ಹಾಡು ಪೂರ್ತಿ ಬಾಯಿಗೆ, ಕೈಗೆ ಬಂದ ಮೇಲೆ ಹೋದರೆ ಒಂದು ದಿನದಲ್ಲಿ ಮೂರು ಹಾಡಿನ ಡ್ರಮ್ಸ್ ಮುಗಿಯುತ್ತದೆ.

ನಮ್ಮ ಪಾಸ್ಟರ್ ಒಪ್ಪುವುದಿಲ್ಲ. ಏನು ಮಾಡಲಿ?

ಮೊದಲು ಅವರ ಮನೆಗೆ ಹೋಗಿ ಕೂತು ಮಾತಾಡಿ. ಗಿಟಾರ್ ತೆಗೆದುಕೊಂಡು ಹೋಗಬೇಡಿ, ಬರೆದ ಹಾಡಿನ ಸಾಲುಗಳನ್ನು ತೆಗೆದುಕೊಂಡು ಹೋಗಿ. 'ಅಯ್ಯನವರೇ, ಇದನ್ನು ಓದಿ, ತಪ್ಪಿದ್ದರೆ ತಿದ್ದಿ' ಅನ್ನಿ. ಬಹಳ ಅಯ್ಯನವರಿಗೆ ಹೆದರಿಕೆ ಇರುವುದು ಸದ್ದಿನ ಬಗ್ಗೆ ಅಲ್ಲ. ಹುಡುಗರು ಸಭೆ ಬಿಟ್ಟು ಹೋಗುತ್ತಾರೆ, ಹೆಸರಿನ ಹಿಂದೆ ಬೀಳುತ್ತಾರೆ ಅನ್ನುವ ಬಗ್ಗೆ. ಆ ಹೆದರಿಕೆಗೆ ಅರ್ಥ ಇದೆ. ಭಾನುವಾರ ತಪ್ಪಿಸದೆ ಬಂದರೆ, ಮನೆ ಪ್ರಾರ್ಥನೆಗೆ ಕರೆದಾಗ ಹೋದರೆ, ಅವರ ಮನಸ್ಸು ನಿಧಾನಕ್ಕೆ ಕರಗುತ್ತದೆ. ಆಗಲೂ ಬೇಡ ಅಂದರೆ ಚರ್ಚ್ ಒಳಗೆ ನುಡಿಸಬೇಡಿ, ಹೊರಗೆ ನುಡಿಸಿ. ಜಗಳ ಮಾಡಿ ಸಭೆ ಒಡೆಯುವಷ್ಟು ದೊಡ್ಡದು ಯಾವ ಬ್ಯಾಂಡೂ ಅಲ್ಲ.

ಕಾರ್ಯಕ್ರಮ ಎಲ್ಲಿ ಸಿಗುತ್ತದೆ?

ನಮ್ಮ ವರ್ಷ ಡಿಸೆಂಬರ್‌ನಿಂದ ಶುರುವಾಗುತ್ತದೆ ಅಂದರೆ ತಪ್ಪಿಲ್ಲ. ಕ್ರಿಸ್ಮಸ್ ತಿಂಗಳಲ್ಲಿ ಒಂದು ದಿನವೂ ಬಿಡುವು ಇರುವುದಿಲ್ಲ. ಶ್ರಮದಿನಗಳಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ) ಗದ್ದಲದ ಕಾರ್ಯಕ್ರಮ ಇಲ್ಲ, ಆಗ ಹಾಡು ಬರೆಯಿರಿ. ಈಸ್ಟರ್ ಆದ ಮೇಲೆ ಬೇಸಿಗೆ ರಜೆಯ ಯೌವನಸ್ಥರ ಕೂಟಗಳು, ಮಕ್ಕಳ ವಿ.ಬಿ.ಎಸ್. (ರಜೆಯ ಬೈಬಲ್ ಶಾಲೆ). ಮಳೆಗಾಲ ಖಾಲಿ. ನವೆಂಬರ್‌ನಲ್ಲಿ ಗಡಿ ಆಚೆ ವಿಕಾರಾಬಾದ್ ಹತ್ತಿರದ ಧಾರೂರಿನಲ್ಲಿ ಮೆಥೋಡಿಸ್ಟರ ದೊಡ್ಡ ಜಾತ್ರೆ ಇರುತ್ತದೆ. ಸ್ಟೇಜ್ ಸಿಗದಿದ್ದರೂ ಹೋಗಿ. ರಾತ್ರಿ ಗುಡಾರಗಳ ನಡುವೆ ಕೂತು ಜನ ಹೇಗೆ ಹಾಡುತ್ತಾರೆ ಅಂತ ಕೇಳಿ.

ಚರ್ಚ್ ಆಚೆಗೂ ಜಾಗ ಇದೆ. ಕಾಲೇಜು ಉತ್ಸವ, ಮದುವೆ ಆರತಕ್ಷತೆ, ಕಲಬುರಗಿಯ ಎಸ್.ಎಂ. ಪಂಡಿತ್ ರಂಗಮಂದಿರ, ಬೀದರ್‌ನ ಚನ್ನಬಸವ ಪಟ್ಟದ್ದೇವರು ರಂಗಮಂದಿರ. ರಂಗಮಂದಿರ ಬಾಡಿಗೆ ಹಿಡಿಯುವ ಮೊದಲು ಸಣ್ಣ ಹಾಲ್ ತುಂಬಿಸಿ ತೋರಿಸಿ. ಬೀದರ್–ಕಲಬುರಗಿ ರೈಲು 2017ರಲ್ಲಿ ಶುರುವಾದ ಮೇಲೆ ಓಡಾಟ ಸುಲಭ ಆಗಿದೆ. ವಾದ್ಯ ಹೊತ್ತವರಿಗೆ ಇದು ಸಣ್ಣ ವಿಷಯ ಅಲ್ಲ.

ಬಯಲಿನಲ್ಲಿ ಮೈಕ್ ಹಾಕುವುದಾದರೆ ಪೊಲೀಸ್ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಧ್ವನಿವರ್ಧಕ ನಿಷೇಧ. ಇದು 2000ದ ಶಬ್ದ ಮಾಲಿನ್ಯ ನಿಯಮ. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಹತ್ತಕ್ಕೆ ಸರಿಯಾಗಿ ನಿಲ್ಲಿಸಿದರೆ ಮುಂದಿನ ವರ್ಷ ಅನುಮತಿ ಕೇಳಲು ಮುಖ ಇರುತ್ತದೆ.

ಬೇರೆ ಧರ್ಮದವರು ನಮ್ಮ ಹಾಡು ಕೇಳುತ್ತಾರಾ?

ಕೇಳುತ್ತಾರೆ. ನಮ್ಮ ಡ್ರಮ್ಮರ್‌ನ ಗೆಳೆಯರಲ್ಲಿ ಲಿಂಗಾಯತರೂ ಮುಸ್ಲಿಮರೂ ಇದ್ದಾರೆ, ಮುಂದಿನ ಸಾಲಿನಲ್ಲಿ ಅವರೇ ಕೂರುತ್ತಾರೆ. ಕಾಲೇಜು ವೇದಿಕೆಯಲ್ಲಿ ಹಾಡುವಾಗ ಬೋಧನೆ ಮಾಡಬೇಡಿ. ಕರೆದವರು ಸಂಗೀತಕ್ಕೆ ಕರೆದಿದ್ದಾರೆ. ಬರದ ಬಗ್ಗೆ, ಮುಂಬೈ ಪುಣೆಗೆ ಗುಳೆ ಹೋದ ಅಪ್ಪನ ಬಗ್ಗೆ, ಸಾಲದ ಬಗ್ಗೆ, ಆಸ್ಪತ್ರೆಯಲ್ಲಿ ಕಾಯುವ ರಾತ್ರಿಯ ಬಗ್ಗೆ ಹಾಡಿ. ನಂಬಿಕೆ ಆ ಹಾಡಿನೊಳಗೇ ಇರುತ್ತದೆ. ಅದನ್ನು ಕೇಳಲು ಯಾರಿಗೂ ಮುಜುಗರ ಆಗುವುದಿಲ್ಲ.

ದುಡ್ಡು ಎಲ್ಲಿಂದ ಬರುತ್ತದೆ? ನಿಜ ಹೇಳಿ.

ನಿಜವಾಗಿ ಹೇಳಿದರೆ, ಮೊದಲ ಕೆಲವು ವರ್ಷ ಕೈಯಿಂದಲೇ ಹೋಗುತ್ತದೆ. ಚರ್ಚ್ ಕಾರ್ಯಕ್ರಮದಲ್ಲಿ ಕಾಣಿಕೆ ಕೊಡುತ್ತಾರೆ. ಕೆಲವೊಮ್ಮೆ ಶಾಲು ಹೊದಿಸಿ ಕಳಿಸುತ್ತಾರೆ. ಹಳ್ಳಿಯ ಸಣ್ಣ ಸಭೆಗೆ ಬಸ್ ಚಾರ್ಜ್, ಊಟ ಸಾಕು ಅನ್ನಿ. ಪಟ್ಟಣದ ದೊಡ್ಡ ಕಾರ್ಯಕ್ರಮಕ್ಕೆ, ಸೌಂಡ್ ಮತ್ತು ಲೈಟಿಗೆ ಖರ್ಚು ಮಾಡುವವರಿಗೆ, ನಿಮ್ಮ ದರವನ್ನು ಮೊದಲೇ ಹೇಳಿ. ಕರ್ತನ ಸೇವೆಗೆ ದುಡ್ಡು ಕೇಳಬಾರದು ಅನ್ನುವವರು ಇದ್ದಾರೆ. ಶಾಮಿಯಾನದವರಿಗೆ, ಅಡುಗೆಯವರಿಗೆ ಕೊಟ್ಟ ಹಾಗೆ ಹಾಡುವವರಿಗೂ ಕೊಟ್ಟರೆ ತಪ್ಪೇನಿಲ್ಲ ಅಂತ ನಾನು ಅವರಿಗೆ ಗೌರವದಿಂದಲೇ ಹೇಳುತ್ತೇನೆ.

ಆನ್‌ಲೈನ್ ಹಣದ ಬಗ್ಗೆ ಜಾಸ್ತಿ ಆಸೆ ಬೇಡ. ಯೂಟ್ಯೂಬ್ ಜಾಹೀರಾತಿನ ಪಾಲು ಬರಲು 1,000 ಚಂದಾದಾರರು ಮತ್ತು 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು. ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈ 2024ರಿಂದ ವರ್ಷಕ್ಕೆ 1,000 ಸಲ ಕೇಳದ ಹಾಡಿಗೆ ಏನೂ ಕೊಡುವುದಿಲ್ಲ. ಆದರೂ ಹಾಡು ಅಲ್ಲಿ ಇರಬೇಕು. ಕರೆಯುವವರು ಮೊದಲು ಅಲ್ಲೇ ಹುಡುಕುತ್ತಾರೆ.

ಹೊರದೇಶದಲ್ಲಿ ಎರಡು ದಾರಿ ನೋಡಿದ್ದೇವೆ. ಅಮೆರಿಕದ ಕ್ರಿಸ್ತೀಯ ಹಾಡುಗಾರ ಕೀತ್ ಗ್ರೀನ್ 1980ರಲ್ಲಿ ಮನೆ ಅಡವಿಟ್ಟು ಆಲ್ಬಮ್ ಮಾಡಿ, ಕೈಲಾದಷ್ಟು ಕೊಡಿ, ಇಲ್ಲದಿದ್ದರೆ ಪುಕ್ಕಟೆ ತೆಗೆದುಕೊಳ್ಳಿ ಅಂದರು. ಅಲ್ಲಿನದೇ ಡೆನ್ವರ್‌ನ ಫೈವ್ ಐರನ್ ಫ್ರೆಂಜಿ ಬ್ಯಾಂಡ್ 2011ರಲ್ಲಿ ಅಭಿಮಾನಿಗಳ ಹತ್ತಿರ 30,000 ಡಾಲರ್ ಕೇಳಿತು, ಎರಡು ಲಕ್ಷಕ್ಕೂ ಜಾಸ್ತಿ ಡಾಲರ್ ಬಂತು. ಅವರ ಹಿಂದೆ ವರ್ಷಗಟ್ಟಲೆ ಸುತ್ತಿ ಹಾಡಿ ಗಳಿಸಿದ ಕೇಳುಗರಿದ್ದರು ಅನ್ನುವುದನ್ನು ಮರೆಯಬೇಡಿ.

ಹೊರದೇಶದವರು ದುಡ್ಡು ಕಳಿಸುತ್ತೇನೆ ಅಂದರೆ ತೆಗೆದುಕೊಳ್ಳಬಹುದಾ?

ತುಂಬಾ ಹುಷಾರು. ವಿದೇಶಿ ಪ್ರಜೆ ಅಥವಾ ಸಂಸ್ಥೆ ಸೇವೆಗೆ ಅಂತ ಕೊಡುವ ದೇಣಿಗೆಗೆ 2010ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ) ಕಾಯ್ದೆ ಅನ್ವಯಿಸುತ್ತದೆ. ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಬ್ಯಾಂಡ್ ಖಾತೆಗೆ ಹಾಕಿಸಿಕೊಳ್ಳಬೇಡಿ. ಹಾಡು ಮಾರಿದ್ದಕ್ಕೆ, ಕೆಲಸ ಮಾಡಿಕೊಟ್ಟದ್ದಕ್ಕೆ ವ್ಯವಹಾರವಾಗಿ ಬರುವ ಹಣ ಬೇರೆ. ಭಾರತದ ಪಾಸ್‌ಪೋರ್ಟ್ ಇರುವ ನಿಮ್ಮ ಮಾವ ದುಬೈನಿಂದ ತನ್ನ ಉಳಿತಾಯದಲ್ಲಿ ಬ್ಯಾಂಕ್ ಮೂಲಕ ಕಳಿಸಿದ್ದೂ ಬೇರೆ. ಯಾವುದೇ ಇರಲಿ, ಮೊದಲು ಒಬ್ಬ ಲೆಕ್ಕಪರಿಶೋಧಕರನ್ನು ಕೇಳಿ.

ಹಾಡು ಬಿಡುಗಡೆ ಮಾಡುವ ಮೊದಲು ಕಾಗದ ಪತ್ರ ಏನು?

ಹಾಡು ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯ ಅಲ್ಲ. ಆದರೆ ಜಗಳ ಬಂದಾಗ ಪುರಾವೆ ಬೇಕಾಗುತ್ತದೆ. ಕಾಪಿರೈಟ್ ಕಚೇರಿಯಲ್ಲಿ ಸಂಗೀತ ಕೃತಿಗೆ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000 ರೂಪಾಯಿ ಶುಲ್ಕ. ಪ್ರತಿ ರೆಕಾರ್ಡಿಂಗ್‌ಗೂ ಅದನ್ನು ಗುರುತಿಸುವ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಖ್ಯೆ ಇರಬೇಕು. ಹಂಚಿಕೆ ಮಾಡುವ ಕಂಪನಿಯೇ ಕೊಡುತ್ತದೆ. ಸಾಹಿತ್ಯ ಮತ್ತು ಸಂಗೀತ ಬರೆದವರು ಐಪಿಆರ್‌ಎಸ್ (ರಾಯಲ್ಟಿ ವಸೂಲು ಮಾಡಿ ಹಂಚುವ ಸಂಘ) ಸದಸ್ಯರಾದರೆ ರೇಡಿಯೋ, ಆನ್‌ಲೈನ್ ಬಳಕೆಯ ರಾಯಲ್ಟಿ ಅಲ್ಲಿಂದ ಬರುತ್ತದೆ. ಬ್ಯಾಂಡ್ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸುವುದು ಆಮೇಲೆ ಆದರೂ ನಡೆಯುತ್ತದೆ. ಅದೇ ಹೆಸರು ಬೇರೆಯವರು ಬಳಸುತ್ತಿಲ್ಲ ಅಂತ ಮಾತ್ರ ಮೊದಲ ದಿನವೇ ನೋಡಿಕೊಳ್ಳಿ.

ಒಂದು ಲೇಬಲ್ ಕರೆದರೆ ಸಹಿ ಹಾಕಬೇಕಾ?

ಓದದೆ ಹಾಕಬೇಡಿ. ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆ. ನಮಗೆ ಗೊತ್ತಿದ್ದ ಹುಡುಗರು ಒಂದು ಶಾಲು, ಒಂದು ಫೋಟೋ, ಒಂದಿಷ್ಟು ದುಡ್ಡಿಗೆ ಹಾಡನ್ನು ಶಾಶ್ವತವಾಗಿ ಬರೆದು ಕೊಟ್ಟರು. ಈಗ ತಮ್ಮ ಹಾಡನ್ನು ತಮ್ಮ ಚಾನೆಲ್‌ನಲ್ಲಿ ಹಾಕಲು ಅವರಿಗೆ ಆಗುವುದಿಲ್ಲ. ನನಗೆ ಇದು ಈಗಲೂ ನೋವು ಕೊಡುತ್ತದೆ.

ಕಾಯ್ದೆ ನಿಮ್ಮ ಕಡೆ ಸ್ವಲ್ಪ ಇದೆ. ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು. ಎಷ್ಟು ವರ್ಷ ಅಂತ ಬರೆದಿಲ್ಲದಿದ್ದರೆ ಐದು ವರ್ಷ ಅಂತಲೇ ಲೆಕ್ಕ. ಯಾವ ಪ್ರದೇಶ ಅಂತ ಇಲ್ಲದಿದ್ದರೆ ಭಾರತ ಮಾತ್ರ. ಬೇರೆ ಮಾತು ಬರೆಯದಿದ್ದರೆ, ಪಡೆದವರು ಒಂದು ವರ್ಷ ಬಳಸದೆ ಕೂತರೆ ಆ ಹಕ್ಕು ಬಿದ್ದು ಹೋಗುತ್ತದೆ. 2012ರ ತಿದ್ದುಪಡಿ ಆದ ಮೇಲೆ ಸಾಹಿತಿ ಮತ್ತು ಸಂಗೀತಗಾರರ ರಾಯಲ್ಟಿಯ ಸಮಪಾಲನ್ನು ಸಹಿ ಹಾಕಿಸಿ ಕಿತ್ತುಕೊಳ್ಳುವ ಹಾಗಿಲ್ಲ. ಇಷ್ಟು ಗೊತ್ತಿದ್ದು ಮಾತಾಡಿ. 'ಹಂಚುವ ಹಕ್ಕು ಮಾತ್ರ, ಮೂರು ವರ್ಷಕ್ಕೆ' ಅಂತ ಕೇಳಿ ನೋಡಿ.

ಅಮೆರಿಕದ ಸ್ಯಾನ್ ಡಿಯಾಗೋದ ಸ್ವಿಚ್‌ಫುಟ್ ಬ್ಯಾಂಡ್ 2007ರಲ್ಲಿ ಕೊಲಂಬಿಯಾ ಅನ್ನುವ ದೊಡ್ಡ ಲೇಬಲ್ ಬಿಟ್ಟಿತು. ಸ್ವಂತ ಲೇಬಲ್, ಸ್ವಂತ ಸ್ಟುಡಿಯೋ ಮಾಡಿಕೊಂಡಿತು. ತಮಗೆ ಬೇಕಾದ ಹಾಗೆ ಆಲ್ಬಮ್ ಮಾಡಿ, ಆಮೇಲೆ ಹಂಚಿಕೆಗೆ ಮತ್ತೊಂದು ದೊಡ್ಡ ಕಂಪನಿ ಜೊತೆ ಸೇರಿತು. ಆ ಆಲ್ಬಮ್‌ಗೆ 2011ರಲ್ಲಿ ಗ್ರ್ಯಾಮಿ ಬಂತು. ಕಂಪನಿ ಬೇಡವೇ ಬೇಡ ಅಂತ ಅಲ್ಲ. ಹಾಡು ಮುಗಿಸಿ, ನಿಮ್ಮ ಹೆಸರಲ್ಲಿ ಇಟ್ಟುಕೊಂಡು, ಆಮೇಲೆ ಬಾಗಿಲು ತೆಗೆಯಿರಿ.

ಹುಡುಗಿಯರು ಬ್ಯಾಂಡ್‌ನಲ್ಲಿ ಇರಬಹುದಾ? ಮನೆಯವರು ಬಿಡುವುದಿಲ್ಲ.

ಇರಬೇಕು. ನಮ್ಮ ಸಭೆಗಳಲ್ಲಿ ಚೆನ್ನಾಗಿ ಹಾಡುವವರು ಹೆಚ್ಚಾಗಿ ಅಕ್ಕ ತಂಗಿಯರೇ. ಮದುವೆ ಆದ ಮೇಲೆ ಆ ದನಿಗಳು ಕಾಣೆಯಾಗುತ್ತವೆ. ತಂದೆ ತಾಯಿಗೆ ಬೇಕಾದದ್ದು ಭರವಸೆ. ಯಾವ ಊರು, ಯಾರ ಗಾಡಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮೊದಲೇ ಹೇಳಿ, ಹೇಳಿದ ಹೊತ್ತಿಗೆ ಮನೆ ಬಾಗಿಲಿಗೆ ಬಿಡಿ. ಅವರ ಅಪ್ಪ ಅವ್ವನನ್ನೂ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಿ. ಹಾಡುಗಾರ್ತಿ ಅಂತ ಮುಂದೆ ನಿಲ್ಲಿಸಿ ತೀರ್ಮಾನಗಳನ್ನೆಲ್ಲ ಹುಡುಗರೇ ಮಾಡಬೇಡಿ. ಹಾಡು ಬರೆಯುವಾಗಲೂ ಲೆಕ್ಕ ನೋಡುವಾಗಲೂ ಅವರು ಇರಲಿ.

ಕೆಲಸ ಬಿಟ್ಟು ಪೂರ್ತಿ ಬ್ಯಾಂಡೇ ಮಾಡಲಾ?

ಬೇಡ, ಈಗಲೇ ಬೇಡ. ನಮ್ಮಲ್ಲಿ ಒಬ್ಬರು ಶಾಲೆ ಮಾಸ್ತರು, ಒಬ್ಬರು ಮೊಬೈಲ್ ಅಂಗಡಿ, ಒಬ್ಬರು ನರ್ಸ್. ಸಂಬಳ ಇರುವುದರಿಂದಲೇ ಬೇಡದ ಕರಾರಿಗೆ ಇಲ್ಲ ಅನ್ನುವ ಧೈರ್ಯ ಬರುತ್ತದೆ. ಸಂಗೀತದಿಂದಲೇ ಬದುಕಬೇಕು ಅಂತ ಆಸೆ ಇದ್ದರೆ ಗಿಟಾರ್ ಕ್ಲಾಸ್, ಸೌಂಡ್ ಕೆಲಸ, ಬೇರೆಯವರ ಹಾಡಿಗೆ ಮಿಕ್ಸಿಂಗ್, ಇವುಗಳನ್ನು ಜೊತೆಗೆ ಕಲಿಯಿರಿ. ನಮ್ಮ ಕಡೆ ಒಳ್ಳೆ ಸೌಂಡ್ ಎಂಜಿನಿಯರ್ ಸಿಗುವುದೇ ಕಷ್ಟ. ಕಲಿತವರಿಗೆ ಕೆಲಸ ಇದೆ.

ಬ್ಯಾಂಡ್ ಒಡೆದರೆ, ಒಬ್ಬರು ಬೆಂಗಳೂರಿಗೆ ಹೋದರೆ, ಹಾಡು ಯಾರದು?

ಇದು ಖಂಡಿತ ಬರುವ ದಿನ. ಓದು, ಕೆಲಸ, ಮದುವೆ ಅಂತ ಹೈದರಾಬಾದ್, ಪುಣೆ, ಬೆಂಗಳೂರಿಗೆ ಹೋಗದೆ ಉಳಿಯುವವರು ನಮ್ಮ ಜಿಲ್ಲೆಗಳಲ್ಲಿ ಕಡಿಮೆ. ಕಾಯ್ದೆ ಪ್ರಕಾರ ಸಾಹಿತ್ಯ ಬರೆದವರದು ಸಾಹಿತ್ಯ, ರಾಗ ಹಾಕಿದವರದು ಸಂಗೀತ, ಮುಂದೆ ನಿಂತು ಖರ್ಚು ಹೊತ್ತು ರೆಕಾರ್ಡ್ ಮಾಡಿಸಿದವರದು ಧ್ವನಿಮುದ್ರಣ. ಇಬ್ಬರು ಬಿಡಿಸಲಾಗದ ಹಾಗೆ ಕೂಡಿ ಬರೆದಿದ್ದರೆ ಇಬ್ಬರಿಗೂ ಸೇರಿದ್ದು, ಯಾರಿಗಾದರೂ ಕೊಡಬೇಕಾದರೆ ಇಬ್ಬರ ಒಪ್ಪಿಗೆಯೂ ಬೇಕು.

ಗೆಳೆತನ ಚೆನ್ನಾಗಿರುವಾಗಲೇ ಸ್ಟ್ಯಾಂಪ್ ಪೇಪರ್ ಮೇಲೆ ಒಂದು ಪುಟ ಬರೆದುಕೊಳ್ಳಿ. ಪ್ರತಿ ಹಾಡಿನ ಮುಂದೆ ಯಾರು ಏನು ಮಾಡಿದರು, ಯಾರಿಗೆ ಎಷ್ಟು ಪಾಲು. ಬ್ಯಾಂಡ್ ಹೆಸರು ಯಾರ ಹತ್ತಿರ ಉಳಿಯುತ್ತದೆ. ಸಾಮೂಹಿಕ ದುಡ್ಡಿನಲ್ಲಿ ಕೊಂಡ ಮಿಕ್ಸರ್, ಸ್ಪೀಕರ್ ಯಾರಿಗೆ. ಚಾನೆಲ್‌ನ ಪಾಸ್‌ವರ್ಡ್ ಇಬ್ಬರ ಹತ್ತಿರವಾದರೂ ಇರಲಿ. ಬಿಟ್ಟು ಹೋದವರು ತಾವು ಬರೆದ ಹಾಡನ್ನು ಹೊಸ ಊರಿನಲ್ಲಿ ಹಾಡಬಹುದು, ಇಲ್ಲಿ ಉಳಿದವರೂ ಹಾಡಬಹುದು ಅಂತ ಬರೆಯಿರಿ. ನಮ್ಮ ಪುಟದಲ್ಲಿ ಹಾಗೇ ಇದೆ. ನಮ್ಮ ಹಳೆಯ ಕೀಬೋರ್ಡ್ ವಾದಕ ಈಗ ಪುಣೆಯಲ್ಲಿದ್ದಾನೆ, ಅಲ್ಲಿನ ಕನ್ನಡ ಸಭೆಯಲ್ಲಿ ಅದೇ ಹಾಡುಗಳನ್ನು ಕಲಿಸುತ್ತಿದ್ದಾನೆ. ಅವನ ಪಾಲು ಅವನ ಖಾತೆಗೆ ಹೋಗುತ್ತದೆ.